ಸಾಲುಹುಣಸೆ ಕೆರೆಯ ಕ್ರೌಂಚಗಳು

ಮೊದಲು ಕಂಡದ್ದು ಒಂದೇ ಒಂದು ಕ್ರೌಂಚ. ಅದೂ ಎಲ್ಲಿ, ಬೆಂಗಳೂರಿನಲ್ಲಿ! ಮಂಗೋಲಿಯಾದ ಹುಲ್ಲುಗಾವಲಿನಿಂದ ಹೊರಟು, ಹಿಮಾಲಯದ ನೆತ್ತಿ ದಾಟಿ, ಗುಜರಾತಿನ ಬಯಲಿನಲ್ಲೋ ಹೆಚ್ಚೆಂದರೆ ನಮ್ಮ ಕಲಬುರಗಿ ಕಡೆಯ ಕೆರೆಗಳಲ್ಲೋ ಚಳಿಗಾಲ ಕಳೆದು ವಾಪಸಾಗುವ ಹಕ್ಕಿ ಅದು. ಬೂದು ಮೈ, ಕಪ್ಪು ಕತ್ತು, ಕಣ್ಣಿನ ಹಿಂದಿನಿಂದ ಇಳಿಬಿದ್ದ ಬಿಳಿ ಗರಿಯ ಕುಚ್ಚು. ಅಂಥದ್ದೊಂದು ನೊರೆ ಉಕ್ಕುವ ಕೆರೆಯ ಅಂಚಿನಲ್ಲಿ, ಪ್ಲಾಸ್ಟಿಕ್ ಚೀಲಗಳ ನಡುವೆ ಒಂಟಿಯಾಗಿ ನಿಂತಿತ್ತು. ಕಂಡವಳು ವನಜಾಕ್ಷಿ.

ವನಜಾಕ್ಷಿ ರವಿಕೆ ಹೊಲಿಯುವವಳು. ವಾರವೆಲ್ಲ ಕತ್ತರಿ, ಟೇಪು, ಮಿಷನ್ನು. ಭಾನುವಾರ ಬೆಳಕು ಹರಿಯುವ ಮೊದಲೇ ಕತ್ತಿಗೆ ದುರ್ಬೀನು ನೇತುಹಾಕಿಕೊಂಡು ತನ್ನ ಹಕ್ಕಿ ಬಳಗದ ಜೊತೆ ಯಾವುದಾದರೂ ಕೆರೆಗೆ ಓಟ. ಆ ದಿನ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಮನೆಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಗೆ ನುಗ್ಗಿದಳು.

"ರೀ, ಇವತ್ತು ನಾನು ಸತ್ತರೂ ಪರವಾಗಿಲ್ಲ!"

"ಸಾಯೋದಕ್ಕೆ ಮುಂಚೆ ಆ ಎದುರು ಮನೆ ಟೀಚರ್ ಬ್ಲೌಸು ಕೊಟ್ಟು ಸಾಯಿ. ಎರಡು ಸಲ ಬಂದು ಹೋದರು," ಎಂದ ಗಂಡ ತಿಮ್ಮರಾಯಪ್ಪ, ಕಾಫಿ ಸೋಸುತ್ತ.

"ಕ್ರೌಂಚ ರೀ! ಕ್ರೌಂಚ ಬಂದಿದೆ!"

"ಹೌದಾ? ಎಲ್ಲಿ?"

ವನಜಾಕ್ಷಿ ಲೋಟ ಎತ್ತಿಕೊಂಡು ನಕ್ಕಳೇ ಹೊರತು ಬಾಯಿ ಬಿಡಲಿಲ್ಲ. ಅದು ಅವಳ ಬಳಗದ ಆಣೆ. ಹಿಂದೊಮ್ಮೆ ಊರಾಚೆಯ ಆಲದ ಮರದಲ್ಲಿ ಮೀನುಗೂಬೆ ಗೂಡು ಮಾಡಿತ್ತು. ಇವರು ಹಿಗ್ಗಿ ಹೀರೇಕಾಯಿಯಾಗಿ ಜಾಗ ಹೇಳಿಬಿಟ್ಟರು. ಮುಂದಿನ ಭಾನುವಾರ ಕ್ಯಾಮೆರಾ ಹಿಡಿದವರ ಜಾತ್ರೆಯೇ ನೆರೆಯಿತು. ಬೆಳಕು ಸಾಲದೆಂದು ಯಾರೋ ಪುಣ್ಯಾತ್ಮರು ಕೊಂಬೆ ಕಡಿದರು, ಮರಿಗಳು ಬಿಸಿಲಿಗೆ ಬೆಂದು ಸತ್ತವು. ಅವತ್ತೇ ಬಳಗದವರು ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟುಕೊಂಡರು: ಅಪರೂಪದ ಹಕ್ಕಿ ಕಂಡರೆ ಜಾಗ ಹೇಳುವುದಿಲ್ಲ, ಕಟ್ಟಿಕೊಂಡ ಗಂಡನಿಗೂ ಹೇಳುವುದಿಲ್ಲ. ತಿಮ್ಮರಾಯಪ್ಪನಿಗೆ ಇದು ಗೊತ್ತಿತ್ತು. ಆದ್ದರಿಂದ ಮತ್ತೆ ಕೇಳಲಿಲ್ಲ.

ಆ ಚಳಿಗಾಲ ಬಳಗದವರಿಗೆ ಹಬ್ಬವೋ ಹಬ್ಬ. ಪಟ್ಟೆತಲೆಯ ಹೆಬ್ಬಾತು ಬಂತು. ಸೈಬೀರಿಯಾದಿಂದ ಆಫ್ರಿಕಾಕ್ಕೆ ಹೋಗಬೇಕಿದ್ದ ಚಾಣಗಳು ಬಂದವು. ಯಾವ ಪುಸ್ತಕದಲ್ಲೂ ಬೆಂಗಳೂರಿನ ಹೆಸರಿನ ಜೊತೆ ಕಾಣಿಸದ ಹಕ್ಕಿಗಳೆಲ್ಲ ಒಂದೊಂದಾಗಿ ಬಂದು ಇಳಿದವು. ಪೇಪರಿನವರು 'ಹಕ್ಕಿಗಳ ರಾಜಧಾನಿ' ಎಂದು ಬರೆದರು. ಅಯ್ಯೋ, ಒಬ್ಬರಾದರೂ ಯೋಚಿಸಬಾರದಿತ್ತೇ? ಸಾವಿರಾರು ಮೈಲಿ ದಾರಿ ತಪ್ಪದೆ ಹೋಗುವ ಜೀವ ಈ ಹೊಗೆ ತುಂಬಿದ ಊರಿಗೆ ಯಾಕೆ ಬಂದೀತು? ಅಪರೂಪದ ಹಕ್ಕಿ ಕಂಡಿತೆಂದು ನಾವು ಕುಣಿಯುತ್ತೇವೆ. ಆ ಹಕ್ಕಿ ಮಾತ್ರ ದಾರಿ ಕಳೆದುಕೊಂಡು, ತನ್ನವರನ್ನು ಕಳೆದುಕೊಂಡು ದಿಕ್ಕೆಟ್ಟು ನಿಂತಿರುತ್ತದೆ.

*

ತಿಮ್ಮರಾಯಪ್ಪ ಕೆಲಸ ಮಾಡುತ್ತಿದ್ದುದು ಗಗನಸಾಲು ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ. ಊರಿನ ಸುತ್ತ ವರ್ತುಲವಾಗಿ ನೆಟ್ಟ ಎತ್ತರದ ಕಂಬಗಳು, ಅವುಗಳ ನೇರಕ್ಕೆ ಗಾಳಿಯಲ್ಲಿ ತೇಲಿ ಹೋಗುವ ನಾಲ್ಕು ಸೀಟಿನ ಗಾಡಿಗಳು. ಕಂಪನಿ ಅವಕ್ಕೆ ಏನೇನೋ ಹೆಸರಿಟ್ಟಿತ್ತು. ಜನ 'ಬುಟ್ಟಿ' ಎಂದರು, ಅದೇ ನಿಂತಿತು. ಬುಟ್ಟಿಯನ್ನು ಮೇಲೆತ್ತಿ ಹಿಡಿಯುವುದು ಅದರದೇ ರೆಕ್ಕೆಚಕ್ರ. ದಾರಿ ತೋರಿಸುವುದು ಮಾತ್ರ ಕಂಬ. ಒಂದೊಂದು ಕಂಬವೂ ಒಂದು ಬಲವಾದ ಅಯಸ್ಕಾಂತ. ಎಲ್ಲವೂ ಒಂದೇ ತಾಳದಲ್ಲಿ ಮಿಡಿಯುತ್ತವೆ. ಬುಟ್ಟಿಯೊಳಗಿನ ಸೂಜಿ ಆ ಮಿಡಿತವನ್ನು ಹಿಡಿದು, ಬಿಡದೆ ಹಿಂಬಾಲಿಸುತ್ತದೆ. ಮಂಜಿರಲಿ, ಮಳೆಯಿರಲಿ, ದಾರಿ ತಪ್ಪುವ ಮಾತೇ ಇಲ್ಲ. ಸಿಗ್ನಲ್ಲಿನಲ್ಲಿ ಅರ್ಧ ಆಯಸ್ಸು ಕಳೆದಿದ್ದ ಜನ ಬುಟ್ಟಿ ಹತ್ತಿ, ಕೆಳಗಿನ ಕಾರುಗಳನ್ನು ನೋಡಿ ಹಲ್ಲು ಕಿರಿಯುತ್ತಿದ್ದರು.

ಜನವರಿಯಲ್ಲಿ ಕಂಪನಿಗೊಂದು ದೂರು ಬಂತು. ಯಾವುದೋ ಕಾಲೇಜಿನ ಪ್ರಾಧ್ಯಾಪಕರು ಬರೆದಿದ್ದರು: ವಲಸೆ ಹಕ್ಕಿಯ ಕಣ್ಣಿಗೆ ಭೂಮಿಯ ಕಾಂತಬಲ ಕಾಣುತ್ತದೆ, ಅದನ್ನು ನೋಡಿಯೇ ಅದು ದಾರಿ ಹಿಡಿಯುತ್ತದೆ. ನಿಮ್ಮ ಕಂಬಗಳ ಮಿಡಿತ ದೂರದವರೆಗೆ ಹೋಗಿ ಅವುಗಳನ್ನು ಇಲ್ಲಿಗೆ ಎಳೆಯುತ್ತಿರಬಹುದು. ವರ್ತುಲದೊಳಗೆ ಬಂದ ಹಕ್ಕಿಗೆ ಎಲ್ಲ ದಿಕ್ಕೂ ಉತ್ತರವಾಗಿ ಕಂಡು, ಹೊರಗೆ ಹೋಗುವ ದಾರಿಯೇ ತಿಳಿಯದಿರಬಹುದು, ದಯವಿಟ್ಟು ಪರೀಕ್ಷಿಸಿ.

ಮೇಲಧಿಕಾರಿ ಜಯತೀರ್ಥ ಅದನ್ನು ತಿಮ್ಮರಾಯಪ್ಪನ ಮೇಜಿನ ಮೇಲೆ ಒಗೆದ. "ನಿಮ್ಮ ಮನೆಯವರೇ ಹಕ್ಕಿ ಹುಚ್ಚಿನವರಲ್ಲವೇನ್ರೀ? ನೀವೇ ನೋಡಿ ಒಂದು ವರದಿ ಕೊಟ್ಟುಬಿಡಿ. ಮುಂದಿನ ತಿಂಗಳು ಬುಟ್ಟಿ ಜಾಸ್ತಿ ಮಾಡ್ತಿದೀವಿ, ಕಂಬದ ಬಲ ಏರಿಸಬೇಕು. ಈ ತಲೆನೋವು ಬೇಡ ನನಗೆ."

ತಿಮ್ಮರಾಯಪ್ಪ ಕಾಟಾಚಾರಕ್ಕೆ ಕೆಲಸ ಮಾಡುವ ಪೈಕಿಯಲ್ಲ. ಊರಿನ ಹಕ್ಕಿಪ್ರಿಯರೆಲ್ಲ ತಾವು ಕಂಡ ಹಕ್ಕಿಗೆ ಒಂದೊಂದು ಚುಕ್ಕಿ ಇಡುವ ಸಾರ್ವಜನಿಕ ನಕ್ಷೆಯನ್ನು ತೆರೆದ. ಬಾಯಲ್ಲಿ ಜಾಗ ಹೇಳದ ವನಜಾಕ್ಷಿಯ ಬಳಗದವರೂ ಅದರಲ್ಲಿ ಚುಕ್ಕಿ ಇಡುತ್ತಿದ್ದರು. ಅದರ ಮೇಲೆ ತನ್ನ ಕಂಬಗಳ ವರ್ತುಲವನ್ನು ಇಟ್ಟು ನೋಡಿದ. ಪ್ರಾಧ್ಯಾಪಕರು ಹೇಳಿದ್ದು ನಿಜವಾದರೆ ಚುಕ್ಕಿಗಳು ಕಂಬದ ಗುಂಟ ಸಾಲಾಗಿ ಇರಬೇಕಿತ್ತು. ಇರಲಿಲ್ಲ. ಸಾಸಿವೆ ಚೆಲ್ಲಿದಂತೆ ಊರ ತುಂಬ ಹರಡಿದ್ದವು. ಎರಡು ಮೂರು ರೀತಿಯಲ್ಲಿ ಪರೀಕ್ಷಿಸಿದರೂ ಉತ್ತರ ಅದೇ. 'ಹಕ್ಕಿಗಳ ಆಗಮನಕ್ಕೂ ಕಂಬಗಳಿಗೂ ಸಂಬಂಧವಿಲ್ಲ' ಎಂದು ಬರೆದು, ನೆಮ್ಮದಿಯಿಂದ ಸಹಿ ಹಾಕಿದ.

ಕಂಬಗಳ ಬಲ ಏರಿತು.

*

ಮೊದಲ ಬುಟ್ಟಿ ಬಿದ್ದದ್ದು ಹೂವಿನ ಮಾರುಕಟ್ಟೆಯ ಮೇಲೆ.

ಬೆಳಗಿನ ವ್ಯಾಪಾರದ ಹೊತ್ತು. ಎಲ್ಲಿಂದಲೋ ಹೆಬ್ಬಾತುಗಳ ಹಿಂಡು ಕಂಬದ ಸಾಲಿಗೆ ನುಗ್ಗಿತು. ಮುಂದಿನ ಹಕ್ಕಿ ಒಂದು ಬುಟ್ಟಿಯ ಗಾಜು ಒಡೆದುಕೊಂಡು ಒಳಹೊಕ್ಕು, ಮುಂದಿನ ಸೀಟಿನಲ್ಲಿದ್ದವನ ಎದೆಗೂಡನ್ನೇ ಮುರಿಯಿತು. ಉಳಿದವು ರೆಕ್ಕೆಚಕ್ರಕ್ಕೆ ಸಿಕ್ಕಿ ಚಿಂದಿಯಾದವು. ರಕ್ತ, ಪುಕ್ಕ, ಕರುಳು ಮಳೆ ಹನಿದಂತೆ ಕೆಳಗೆ ಸುರಿಯಿತು. ಜನ ಇದೇನೆಂದು ತಲೆ ಎತ್ತುವಷ್ಟರಲ್ಲಿ ಬುಟ್ಟಿಯೇ ಬಂತು. ಅದು ಬಂದು ಅಪ್ಪಳಿಸಿದ್ದು ಸೇವಂತಿಗೆ ರಾಶಿಯ ಮುಂದೆ ಕೂತು ಮಾಲೆ ಕಟ್ಟುತ್ತಿದ್ದ ಚಂದ್ರಮ್ಮನ ಮೇಲೆ.

ಚಂದ್ರಮ್ಮ ಮತ್ತು ಅವಳ ಗಂಡ ಮುನಿಕೃಷ್ಣ ತಿಮ್ಮರಾಯಪ್ಪನ ಮನೆಯ ಕೆಳಗಿನ ಮನೆಯಲ್ಲೇ ಇದ್ದವರು. ಮುನಿಕೃಷ್ಣ ಟೀ ತರಲೆಂದು ಎದ್ದುಹೋಗಿದ್ದ. ಓಡಿ ಬಂದವನೇ ಬಗ್ಗಿಹೋದ ತಗಡನ್ನು ಬರಿಗೈಯಲ್ಲಿ ಎತ್ತಲು ನೋಡಿದ. ಅಂಗೈ ಸೀಳಿ ಮೂಳೆ ಕಂಡರೂ ಬಿಡಲಿಲ್ಲ. "ಚಂದ್ರೀ, ಎದ್ದೇಳೇ! ಎದ್ದೇಳೇ!" ಎಂದು ಕೂಗುತ್ತಲೇ ಇದ್ದ. ತಗಡು ಎತ್ತಿದಾಗ ಅಲ್ಲಿ ಎದ್ದೇಳುವಂಥದ್ದು ಏನೂ ಉಳಿದಿರಲಿಲ್ಲ.

ಪಕ್ಕದಲ್ಲೇ ರೆಕ್ಕೆ ಮುರಿದ ಹೆಬ್ಬಾತೊಂದು ಹೂವಿನ ಮೇಲೆ ಹೊರಳಾಡುತ್ತಿತ್ತು. ಮುನಿಕೃಷ್ಣ ತಕ್ಕಡಿಯ ಕಬ್ಬಿಣದ ಬಟ್ಟು ಎತ್ತಿಕೊಂಡು ಅದರ ತಲೆಗೆ ಹೊಡೆದ. ತಲೆ ಚಪ್ಪಟೆಯಾಗಿ ಕಲ್ಲುಹಾಸಿಗೆ ಅಂಟಿದ ಮೇಲೂ ಹೊಡೆದ. ಮಾರುಕಟ್ಟೆಯ ಜನ ಸ್ಟೂಲಿನ ಕಾಲು, ಇಟ್ಟಿಗೆ, ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡು ಉಳಿದ ಹಕ್ಕಿಗಳ ಮೇಲೆ ಬಿದ್ದರು.

ಅಲ್ಲಿಂದ ಊರಿಗೆ ಹುಚ್ಚು ಹಿಡಿಯಿತು. ವಾರಕ್ಕೊಂದು ಬುಟ್ಟಿ ಬೀಳುವುದು, ಅದರ ಸೇಡಿಗೆ ಹಕ್ಕಿಗಳನ್ನು ಬಡಿಯುವುದು. ದಾರಿತಪ್ಪಿ ಬಂದ ಹಕ್ಕಿ ಯಾವುದು, ಇಲ್ಲೇ ಹುಟ್ಟಿ ಬೆಳೆದದ್ದು ಯಾವುದು ಎಂದು ಯಾರು ನೋಡುತ್ತಾರೆ? ಬೆಳ್ಳಕ್ಕಿ, ಹೆಜ್ಜಾರ್ಲೆ, ಕೊನೆಗೆ ಬಾಲ್ಕನಿಯಲ್ಲಿ ಸಾಕಿದ ಗಿಳಿಯನ್ನೂ ಬಿಡಲಿಲ್ಲ. ಸತ್ತ ಹಕ್ಕಿಗಳನ್ನು ಕಾಲು ಕಟ್ಟಿ ಬಸ್‌ಸ್ಟಾಪುಗಳಲ್ಲಿ ತೂಗುಹಾಕಿದರು. ಕಂಪನಿ ತನ್ನ ಮೇಲಿನ ಮಾತು ಬೇರೆ ಕಡೆ ತಿರುಗಿತಲ್ಲ ಎಂದು ಖುಷಿಪಟ್ಟು, ಪಟಾಕಿಯನ್ನೂ ಕಬ್ಬಿಣದ ಸಲಾಕೆಗಳನ್ನೂ ಪುಕ್ಕಟೆ ಹಂಚಿ 'ಹಕ್ಕಿ ಓಡಿಸುವ ದಳ' ಕಟ್ಟಿತು. ವನಜಾಕ್ಷಿಯ ಬಳಗದ ಹಲ್ಲಿನ ಡಾಕ್ಟರೊಬ್ಬರು ಪಾರ್ಕಿನಲ್ಲಿ ಮರದತ್ತ ನೋಡುತ್ತ ನಿಂತಿದ್ದಾಗ, 'ಇವರೇ ಹಕ್ಕಿ ಕರೆಸಿದವರು' ಎಂದು ನಾಲ್ವರು ಅವರದೇ ದುರ್ಬೀನಿನ ಪಟ್ಟಿಯನ್ನು ಕುತ್ತಿಗೆಗೆ ಬಿಗಿದು ಎಳೆದಾಡಿದರು. ಡಾಕ್ಟರು ಬದುಕಿಕೊಂಡರು, ಆದರೆ ದನಿ ಹೋಯಿತು.

*

ಚಂದ್ರಮ್ಮನ ತಿಂಗಳ ತಿಥಿ ಮುಗಿಸಿಕೊಂಡು ಮೆಟ್ಟಿಲು ಹತ್ತಿ ಬಂದ ಸಂಜೆ, ವನಜಾಕ್ಷಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಸುಮ್ಮನೆ ಚಕ್ರ ತಿರುಗಿಸುತ್ತಿದ್ದಳು. ಸೂಜಿಯಲ್ಲಿ ದಾರವಿರಲಿಲ್ಲ.

"ಅವಳ ಕೊನೇ ಬ್ಲೌಸು ಇಲ್ಲೇ ಇದೆ ರೀ. ಹುಕ್ಸ್ ಹಾಕಿರಲಿಲ್ಲ," ಎಂದಳು. ಮತ್ತೆ, "ಒಂದು ಮಾತು ಕೇಳ್ತೀನಿ. ಕಂಬಕ್ಕೂ ಹಕ್ಕಿಗೂ ಸಂಬಂಧವಿಲ್ಲ ಅಂತ ನೀವು ಬರೆದಿರಂತಲ್ಲ, ಹೇಗೆ ಬರೆದಿರಿ?"

"ನಕ್ಷೆ ನೋಡಿ ಬರೆದೆ. ಸಂಬಂಧ ಇದ್ದಿದ್ದರೆ ಕಂಬದ ಗುಂಟ ಹಕ್ಕಿ ಕಾಣಬೇಕಿತ್ತು. ನಿಮ್ಮ ಬಳಗದವರೇ ಇಟ್ಟ ಚುಕ್ಕಿಗಳು, ಎಲ್ಲೆಲ್ಲೋ ಇದ್ದವು."

ಚಕ್ರ ನಿಂತಿತು.

"ಆ ಚುಕ್ಕಿಗಳೆಲ್ಲ ಸುಳ್ಳು ರೀ."

"ಸುಳ್ಳು ಅಂದರೆ?"

"ಮೀನುಗೂಬೆ ಮರಿ ಸತ್ತ ಮೇಲೆ ನಾವು ನಿಜವಾದ ಜಾಗ ಬರೆಯೋದೇ ಬಿಟ್ಟಿದ್ದೀವಿ. ಅಪರೂಪದ ಹಕ್ಕಿಯಾದರೆ ಚುಕ್ಕೀನ ಎರಡು ಕೆರೆ ಆಚೆ ಇಡ್ತೀವಿ, ಯಾವ ಕಡೆಗಾದರೂ ಸರಿ. ಊರಲ್ಲಿರೋ ಎಲ್ಲಾ ಬಳಗದೋರೂ ಹಾಗೇ ಮಾಡ್ತಾರೆ. ಜನ ಅಲ್ಲಿ ಹುಡುಕಾಡಿ ಸುಸ್ತಾಗಿ ಹೋಗಲಿ ಅಂತ." ಅವಳು ಗಂಡನ ಕಡೆ ತಿರುಗಿ ಕೂತಳು. "ಕ್ರೌಂಚ ಬಂದಿದ್ದು ಸಾಲುಹುಣಸೆ ಕೆರೆಗೆ. ನಿಮ್ಮ ಕಂಬದ ನೆರಳು ಬೀಳೋ ಜಾಗ. ಹೆಬ್ಬಾತು, ಚಾಣ, ಎಲ್ಲವೂ ಕಂಬದ ಕೆಳಗೇ ರೀ. ಎಲ್ಲವೂ!"

ತಿಮ್ಮರಾಯಪ್ಪ ಕೈಯಲ್ಲಿದ್ದ ಲೋಟವನ್ನು ಎತ್ತಿ ಗೋಡೆಗೆ ಬೀಸಿದ. "ನನಗೆ ಹೇಳಬಾರದಿತ್ತೇನೇ? ಕಟ್ಟಿಕೊಂಡವನಿಗೆ ಹೇಳಬಾರದಿತ್ತಾ?"

"ನೀವು ಕೇಳಬಾರದಿತ್ತಾ? ಇಂಥದ್ದೊಂದು ವರದಿ ಬರೀತಿದೀನಿ ಅಂತ ನೀವು ನನಗೆ ಹೇಳಿದಿರಾ?"

ಇಬ್ಬರೂ ಬಾಯಿಗೆ ಬಂದಂತೆ ಕಿರುಚಾಡಿದರು. ಕೆಳಗಿನ ಮನೆಯಿಂದ ಮುನಿಕೃಷ್ಣನ ಅಳು ಕೇಳಿ ಇಬ್ಬರ ದನಿಯೂ ಇಂಗಿಹೋಯಿತು. ವನಜಾಕ್ಷಿ ಹಣೆ ಹಣೆ ಬಡಿದುಕೊಂಡಳು.

"ನಾವಿಬ್ಬರೇ ಸೇರಿ ಚಂದ್ರಮ್ಮನ್ನ ಕೊಂದ್ವಿ ರೀ. ನಾನು ಜಾಗ ಮುಚ್ಚಿಟ್ಟೆ, ನೀವು ಸಹಿ ಹಾಕಿದಿರಿ."

ತಿಮ್ಮರಾಯಪ್ಪ ಗೋಡೆಯ ಬಳಿ ಬಿದ್ದಿದ್ದ ಲೋಟವನ್ನು ಬಗ್ಗಿ ಎತ್ತಿಕೊಂಡ.

*

ಮರುದಿನ ಬೆಳಿಗ್ಗೆ ಅವನು ಜಯತೀರ್ಥನ ಕೋಣೆಗೆ ಹೋಗಿ ಎಲ್ಲ ಹೇಳಿದ. ಜಯತೀರ್ಥ ಕುರ್ಚಿಯಲ್ಲಿ ಹಿಂದಕ್ಕೊರಗಿದ.

"ಅಂದರೆ ನಿಮ್ಮ ವರದಿ ತಪ್ಪು ಅಂತ ನೀವೇ ಹೇಳ್ತಿದೀರಿ. ನಿಮ್ಮನ್ನ ಜೈಲಿಗೆ ಹಾಕ್ತಾರೆ ರೀ, ಗೊತ್ತಾ?"

"ಹಾಕಲಿ ಸಾರ್. ಮೊದಲು ಕಂಬ ಆರಿಸಿ. ಮಿಡಿತ ನಿಂತರೆ ಹಕ್ಕಿಗಳಿಗೆ ಅವುಗಳ ದಾರಿ ಕಾಣುತ್ತೆ, ಹೊರಟುಹೋಗ್ತವೆ. ಒಂದು ದಿನ ಆರಿಸಿದರೂ ಸಾಕು."

"ಆರಿಸೋದು, ಹಚ್ಚೋದು, ಇದೇನು ನಿಮ್ಮನೆ ಹಜಾರದ ಟ್ಯೂಬ್‌ಲೈಟಾ? ಹೋಗಿ ಸೀಟಲ್ಲಿ ಕೂತ್ಕೊಳ್ಳಿ."

ತಿಮ್ಮರಾಯಪ್ಪ ಸೀಟಿಗೆ ಬಂದಾಗ ಗೋಡೆಯ ದೊಡ್ಡ ಪರದೆಯ ಮುಂದೆ ಎಲ್ಲರೂ ಗುಂಪುಗೂಡಿದ್ದರು. ಸಾಲುಹುಣಸೆ ಕೆರೆಯ ಬಳಿಯ ಕಂಬದ ಕ್ಯಾಮೆರಾ. ಬತ್ತಿದ ಕೆರೆಯ ಅಂಗಳ ಬೂದು ಬಣ್ಣವಾಗಿತ್ತು, ಮತ್ತು ಆ ಬೂದು ಅಲುಗಾಡುತ್ತಿತ್ತು. ಕ್ರೌಂಚಗಳು! ಸಾವಿರಾರು. ಬೇಸಗೆ ಹತ್ತಿರವಾಯಿತೆಂದು ಬಡಗಣಕ್ಕೆ ಹೊರಟಿದ್ದ ಹಿಂಡುಗಳೆಲ್ಲ ಹೊಸ ಬಲದ ಸೆಳೆತಕ್ಕೆ ಸಿಕ್ಕು ತೆಂಕಣಕ್ಕೆ ಬಂದು, ಸುತ್ತಿ ಸುತ್ತಿ ಸುಸ್ತಾಗಿ ಇಲ್ಲಿ ಇಳಿದಿದ್ದವು. ಇಳಿದ ಮೇಲೂ ಅವಕ್ಕೆ ನೆಮ್ಮದಿಯಿಲ್ಲ. ಗಾಣದ ಎತ್ತಿನಂತೆ ನೆಲದ ಮೇಲೇ ವರ್ತುಲವಾಗಿ ನಡೆಯುತ್ತಿದ್ದವು. ಒಂದು ಹಕ್ಕಿ ಕಾಲು ಸೋತು ಬಿದ್ದರೆ ಉಳಿದವು ತುಳಿದುಕೊಂಡು ಮುಂದೆ ಹೋಗುತ್ತಿದ್ದವು.

ಕೆರೆಯ ಏರಿಯ ಮೇಲೆ ಜನ. ಸಲಾಕೆ, ದೊಣ್ಣೆ, ಕ್ರಿಕೆಟ್ ಬ್ಯಾಟು. ಅವರ ಮುಂದೆ ಮುನಿಕೃಷ್ಣ, ಅಂಗೈಗೆ ಇನ್ನೂ ಬ್ಯಾಂಡೇಜು. ಅವನಿಗೂ ಹಕ್ಕಿಗಳಿಗೂ ನಡುವೆ ಒಬ್ಬ ಹೆಂಗಸು ಎರಡೂ ತೋಳು ಚಾಚಿ ನಿಂತಿದ್ದಳು. ಆ ನೀಲಿ ಚೂಡಿದಾರ ತಿಮ್ಮರಾಯಪ್ಪನಿಗೆ ಗೊತ್ತಿತ್ತು. ಬೆಳಿಗ್ಗೆ ಅದನ್ನು ತೊಟ್ಟೇ ಅವಳು ಮನೆ ಬಾಗಿಲಲ್ಲಿ ನಿಂತು, "ನೀವು ಕಂಬ ನೋಡಿಕೊಳ್ಳಿ, ನಾನು ಕೆರೆ ನೋಡಿಕೊಳ್ತೀನಿ" ಎಂದಿದ್ದಳು.

ಅವನು ಪೊಲೀಸರಿಗೆ ಫೋನ್ ಮಾಡಿದ. ಎತ್ತಿದವರು, ಇಡೀ ಊರಲ್ಲಿ ಇದೇ ಗಲಾಟೆ, ಗಾಡಿ ಬರೋದು ತಡವಾಗುತ್ತೆ ಎಂದರು. ಕೈಯಲ್ಲಿದ್ದ ದಾರಿ ಒಂದೇ. ಕಂಬ ಆರಿದರೆ ಹಕ್ಕಿಗಳು ಏಳುತ್ತವೆ, ಹಕ್ಕಿಗಳು ಎದ್ದರೆ ಹೊಡೆಯಲು ಏನೂ ಇರುವುದಿಲ್ಲ, ಅವಳು ಉಳಿಯುತ್ತಾಳೆ. ಆದರೆ ಗಾಳಿಯಲ್ಲಿ ಬುಟ್ಟಿಗಳಿವೆ. ಈಗಲೇ ಆರಿಸಿದರೆ ದಾರಿ ಕಾಣದೆ ಒಂದಕ್ಕೊಂದು ಡಿಕ್ಕಿ ಹೊಡೆದು ಊರಿನ ಮೇಲೆ ಉದುರುತ್ತವೆ.

ತಿಮ್ಮರಾಯಪ್ಪ ಎಲ್ಲ ಬುಟ್ಟಿಗಳಿಗೂ 'ಕೂಡಲೇ ಇಳಿ' ಎಂಬ ಆದೇಶ ಒತ್ತಿದ. ಕೊಠಡಿಯ ತುಂಬ ಕೆಂಪು ದೀಪ ಹತ್ತಿಕೊಂಡವು. ಬುಟ್ಟಿಗಳು ಸಿಕ್ಕ ಸಿಕ್ಕಲ್ಲಿ ಇಳಿದವು: ರಸ್ತೆಯ ನಡುವೆ, ಮದುವೆ ಛತ್ರದ ಅಂಗಳದಲ್ಲಿ, ಒಂದಂತೂ ನೀರಿನ ಟ್ಯಾಂಕಿನ ಮೇಲೆ. ಪರದೆಯಲ್ಲಿ ಹಸಿರು ಚುಕ್ಕಿಗಳು ಒಂದೊಂದಾಗಿ ಆರುತ್ತಿದ್ದವು. ಪಕ್ಕದ ಪರದೆಯಲ್ಲಿ ಮೊದಲ ಪಟಾಕಿ ಸರ ಸಿಡಿಯಿತು. ಜನ ಏರಿಯಿಂದ ಇಳಿದರು.

ಕ್ರೌಂಚ ದೊಡ್ಡ ಹಕ್ಕಿ. ಹೊಡೆದರೆ ಒಂದೇಟಿಗೆ ಸಾಯುವುದಿಲ್ಲ. ಸಲಾಕೆ ಬೀಸಿದ ಕಡೆ ಉದ್ದ ಕಾಲುಗಳು ಕಡ್ಡಿಯಂತೆ ಮುರಿದವು. ಮುರಿದ ಕಾಲಿನ ಮೇಲೆ ಏಳಲು ನೋಡಿ, ಬಿದ್ದು, ರೆಕ್ಕೆ ಬಡಿದು, ಮತ್ತೆ ಹೊಡೆತ. ಹಾರಿದರೆ ಬದುಕಬಹುದು, ಆದರೆ ಎತ್ತ ಹಾರುವುದು? ನಾಲ್ಕು ಮಾರು ಎದ್ದು ತಿರುಗಿ ಅದೇ ಜನರ ನಡುವೆಯೇ ಬಂದು ಬೀಳುತ್ತಿದ್ದವು. ವನಜಾಕ್ಷಿ ಒಬ್ಬನ ದೊಣ್ಣೆ ಹಿಡಿದುಕೊಂಡು ಜಗ್ಗಿದಳು. ಅವನು ಅವಳ ಹೊಟ್ಟೆಗೆ ಒದ್ದ. ಅವಳು ಬಿದ್ದಳು, ಎದ್ದಳು, ಮತ್ತೆ ತೋಳು ಚಾಚಿದಳು.

"ಇನ್ನೊಂದೇ ಬಾಕಿ," ಎಂದ ತಿಮ್ಮರಾಯಪ್ಪ ತನ್ನಷ್ಟಕ್ಕೆ. ಒಂದೇ ಒಂದು ಬುಟ್ಟಿ ಕರೆಂಟು ತಂತಿಗಳ ಜಾಲದ ಮೇಲೆ ಇಳಿಯಲು ಜಾಗವಿಲ್ಲದೆ ತೂಗಾಡುತ್ತಿತ್ತು. ಅದರ ಒಳಗಿನ ಕ್ಯಾಮೆರಾದಲ್ಲಿ ಒಬ್ಬ ಮುದುಕ, ಅವನ ತೊಡೆಯ ಮೇಲೆ ಪುಟ್ಟ ಹುಡುಗಿ. ಯಾರೋ ಏನೋ. ಅವರ ಹೆಸರೂ ಅವನಿಗೆ ಗೊತ್ತಿಲ್ಲ.

ಬಾಗಿಲು ದಡಾರೆಂದು ತೆರೆಯಿತು. ಜಯತೀರ್ಥ. "ಯಾರು ಹೇಳಿದ್ದು ನಿನಗೆ ಇಳಿಸೋಕೆ? ಏಳೋ ಮೇಲೆ!" ಎಂದು ಕಾಲರು ಹಿಡಿದು ಎಳೆದ. ತಿಮ್ಮರಾಯಪ್ಪ ಒಂದು ಕೈಯಿಂದ ಕುರ್ಚಿ ಹಿಡಿದು, ಇನ್ನೊಂದರಿಂದ ಮೇಜಿನ ಹಿಡಿಕೆ ತಿರುಗಿಸಿ ಬುಟ್ಟಿಯನ್ನು ಮೆಲ್ಲಗೆ ತಂತಿಗಳ ಸಂದಿಗೆ ಸರಿಸುತ್ತಿದ್ದ. ಜಯತೀರ್ಥ ಕಿವಿಗೆ ಗುದ್ದಿದ. ತಲೆ ಗುಂಯ್ಯೆಂದಿತು, ಹಿಡಿಕೆ ಅಲುಗಲಿಲ್ಲ. ಪರದೆಯಲ್ಲಿ ಮುನಿಕೃಷ್ಣನ ಸಲಾಕೆ ಮೇಲೆದ್ದು ಇಳಿಯಿತು. ಅದರ ತುದಿ ವನಜಾಕ್ಷಿಯ ಹಣೆಗೆ ತಗುಲಿತು. ಅವಳು ನಿಂತಲ್ಲೇ ಕುಸಿದಳು.

ಈಗಲೇ ಆರಿಸಿಬಿಡಲೇ? ಅವನ ಕೈ ನಿಜವಾಗಿಯೂ ಒಮ್ಮೆ ಮೂಲೆಯ ಸ್ವಿಚ್ಚಿನ ಪೆಟ್ಟಿಗೆಯತ್ತ ಹೋಯಿತು. ಮುದುಕ ಮಗುವಿನ ಕಣ್ಣು ಮುಚ್ಚಿ ಹಿಡಿದಿದ್ದ. ತಿಮ್ಮರಾಯಪ್ಪ ಕಿರುಚಿದ, ಕಿರುಚಿ ಕೈಯನ್ನು ಹಿಂದಕ್ಕೆ ತಂದ. ಹೆಂಡತಿ ನೆಲದ ಮೇಲಿರುವುದು ಕಾಣುತ್ತಿರುವಾಗಲೇ ಆ ಬುಟ್ಟಿಯನ್ನು ಒಂದೊಂದು ಗೇಣಾಗಿ ಕೆಳಗಿಳಿಸಿದ. ಯಾವುದೋ ಮನೆಯ ತಾರಸಿಗೆ ಅದು ತಾಗಿದ್ದೇ ತಡ, ಎದ್ದು ಮೂಲೆಯ ಉಕ್ಕಿನ ಪೆಟ್ಟಿಗೆಯ ಬಾಗಿಲು ತೆರೆದ. ಒಳಗೆ ಇಡೀ ವರ್ತುಲದ ಮೂಲ ಸ್ವಿಚ್ಚು.

ಜಯತೀರ್ಥ ಓಡಿಬಂದು ಆ ಉಕ್ಕಿನ ಬಾಗಿಲನ್ನು ಮೈಯೆಲ್ಲ ಭಾರ ಹಾಕಿ ಮುಚ್ಚಿದ. ತಿಮ್ಮರಾಯಪ್ಪನ ಎಡಗೈಯ ಬೆರಳುಗಳು ಸಂದಿಗೆ ಸಿಕ್ಕಿ ಮುರಿದದ್ದು ಕೊಠಡಿಯಲ್ಲಿದ್ದವರಿಗೆಲ್ಲ ಕೇಳಿಸಿತು. ಅವನು ಬಲಗೈಯಿಂದ ಜಯತೀರ್ಥನ ಮುಖವನ್ನು ಹಿಡಿದು ಗೋಡೆಗೆ ಬಡಿದ. ಮೂಗು ಒಡೆಯಿತು. ಇನ್ನೊಮ್ಮೆ ಬಡಿದ. ಜಯತೀರ್ಥ ಗೋಡೆಯ ಗುಂಟ ಜಾರಿ ಕೂತ. ತಿಮ್ಮರಾಯಪ್ಪ ಸ್ವಿಚ್ಚು ಎಳೆದ.

ಕೆರೆಯ ಅಂಗಳದಲ್ಲಿ ಅಷ್ಟೂ ಹಕ್ಕಿಗಳು ಒಮ್ಮೆಗೇ ನಡೆಯುವುದನ್ನು ನಿಲ್ಲಿಸಿದವು. ತಲೆಗಳೆಲ್ಲ ಒಂದೇ ದಿಕ್ಕಿಗೆ ತಿರುಗಿದವು. ಆಮೇಲೆ ನೆಲವೇ ಎದ್ದಂತೆ ಎದ್ದವು.

*

ಬುಟ್ಟಿಗಳು ನಿಂತು ರಸ್ತೆ ಕಟ್ಟಿಹೋಗಿದ್ದರಿಂದ ತಿಮ್ಮರಾಯಪ್ಪ ಕೆರೆ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮುರಿದ ಕೈಯನ್ನು ಎದೆಗೆ ಅವುಚಿಕೊಂಡು ಏರಿ ಹತ್ತಿದ. ಜನರಲ್ಲಿ ಮುಕ್ಕಾಲು ಪಾಲು ಹೊರಟುಹೋಗಿದ್ದರು. ಉಳಿದವರು ಗುಂಪು ಗುಂಪಾಗಿ ದೂರ ನಿಂತು ಒಬ್ಬರ ಮುಖ ಒಬ್ಬರು ನೋಡದೆ ಬೀಡಿ ಸೇದುತ್ತಿದ್ದರು. ಮೇಲೆ ಆಕಾಶ ಖಾಲಿ. ಅವನು ಎಷ್ಟು ಹುಡುಕಿದರೂ ಅಲ್ಲಿ ಒಂದು ಚುಕ್ಕಿಯೂ ಕಾಣಲಿಲ್ಲ.

ನೆಲ ಮಾತ್ರ ಖಾಲಿಯಿರಲಿಲ್ಲ.

ಏಳಲಾರದ್ದೆಲ್ಲ ಅಲ್ಲೇ ಇತ್ತು. ಕಾಲು ತುಂಡಾದವು, ರೆಕ್ಕೆ ಕಿತ್ತುಬಂದವು, ಬೆನ್ನು ಮುರಿದು ಕತ್ತನ್ನಷ್ಟೇ ಆಡಿಸುತ್ತಿದ್ದವು. ಹಾರಿಹೋದ ತಮ್ಮವರನ್ನು ಕರೆಯುವ ಗೊಗ್ಗರು ಕೂಗು ಕೆರೆಯ ತುಂಬ. ವನಜಾಕ್ಷಿ ಅವುಗಳ ನಡುವೆ ಮಂಡಿಯೂರಿ ಕೂತಿದ್ದಳು. ಹಣೆಗೆ ದುಪ್ಪಟ್ಟಾ ಬಿಗಿದಿದ್ದಳು, ಅದು ಒದ್ದೆಯಾಗಿ ಕಪ್ಪಗಾಗಿತ್ತು. ಬದುಕಬಹುದಾದ ನಾಲ್ಕಾರು ಹಕ್ಕಿಗಳನ್ನು ಗೋಣಿಚೀಲದ ಮೇಲೆ ಒಂದು ಕಡೆ ಮಲಗಿಸಿದ್ದಳು. ಇನ್ನೊಂದನ್ನು ತೊಡೆಯ ಮೇಲೆ ಎಳೆದುಕೊಂಡು, ಬಿಳಿ ಕುಚ್ಚನ್ನು ಕಣ್ಣಿನ ಮೇಲಿಂದ ಸರಿಸಿ, ಕತ್ತನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದಳು. ಪಕ್ಕಕ್ಕೆ ಇಟ್ಟಳು. ಮುಂದಿನದಕ್ಕೆ ಕೈ ಚಾಚಿದಳು.

"ವನಜಾ," ಎಂದ ತಿಮ್ಮರಾಯಪ್ಪ. ಅವಳ ಪಕ್ಕಕ್ಕೆ ಬಂದು ನಿಂತ. "ವನಜಾ, ಬಾ, ಆಸ್ಪತ್ರೆಗೆ ಹೋಗೋಣ. ಎಲ್ಲಾ ಹೊರಟುಹೋದವು ಕಣೇ. ನಾನೇ ನೋಡಿದೆ."

"ಇವು ಹೋಗಿಲ್ಲವಲ್ಲ."

ಅವಳು ತಲೆ ಎತ್ತಲಿಲ್ಲ. ಈ ಹಕ್ಕಿಯ ಕತ್ತು ಗಟ್ಟಿ. ಅವಳ ಕೈಗಳು ಸೋತಿದ್ದವು. ತಿರುಚಿದರೂ ಆಗಲಿಲ್ಲ. ಹಕ್ಕಿ ಅರಚಿಕೊಂಡು ರೆಕ್ಕೆ ಬಡಿಯಿತು. ಅವಳು ಅತ್ತಿತ್ತ ನೋಡಿದಳು. ಸ್ವಲ್ಪ ದೂರದಲ್ಲಿ ಮುನಿಕೃಷ್ಣ ಮುಖ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ. ಸಲಾಕೆ ಪಕ್ಕದಲ್ಲಿ ಬಿದ್ದಿತ್ತು.

"ಮುನಿಕೃಷ್ಣ," ಎಂದು ಕೂಗಿದಳು ವನಜಾಕ್ಷಿ. "ಬಾ ಇಲ್ಲಿ."

ಅವನು ಅಲ್ಲಾಡಲಿಲ್ಲ. "ಅಕ್ಕ, ನಿನ್ನ ಹೊಡೀಬೇಕು ಅಂತ ಹೊಡೀಲಿಲ್ಲ ಅಕ್ಕ," ಎಂದ ಮುಖ ಮುಚ್ಚಿದಂತೆಯೇ. "ನನ್ನ ಚಂದ್ರಿ ಹೋದ್ಲು ಅಕ್ಕ. ಏನೂ ಕಾಣ್ತಿರಲಿಲ್ಲ ನನಗೆ."

"ಗೊತ್ತು. ಅದನ್ನ ಆಮೇಲೆ ಮಾತಾಡೋಣ. ನನ್ನದೂ ಒಂದಿದೆ ನಿನಗೆ ಹೇಳೋದು, ಇವರದೂ ಒಂದಿದೆ. ಈಗ ಬಾ. ಅರ್ಧ ಮಾಡಿ ಕೂತ್ಕೋಬೇಡ. ನೀನೇ ಮುರಿದದ್ದು, ನೀನೇ ಮುಗಿಸು. ಒಂದೇ ಏಟಿಗೆ ಆಗಬೇಕು, ಇನ್ನೊಂದು ಏಟು ಇವಕ್ಕೆ ಬೇಡ."

ಮುನಿಕೃಷ್ಣ ಎದ್ದ. ಸಲಾಕೆಯನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಬಂದು ಅವಳ ಎದುರು ಕೂತ. ಬ್ಯಾಂಡೇಜಿನ ಕೈಗಳಲ್ಲಿ ಹಕ್ಕಿಯ ಕತ್ತನ್ನು ಹಿಡಿದುಕೊಂಡ. ಹಕ್ಕಿ ಮತ್ತೆ ಒದ್ದಾಡಿತು, ಅಗಲವಾದ ರೆಕ್ಕೆ ಬಿಚ್ಚಿ ಅವನ ಕೆನ್ನೆಗೆ ಬಡಿಯಿತು.

"ಆಗಲ್ಲ ಅಕ್ಕ, ನನ್ನ ಕೈಲಿ ಆಗಲ್ಲ," ಎಂದು ಮಗುವಿನ ಹಾಗೆ ಅತ್ತ.

ವನಜಾಕ್ಷಿ ಆಗ ಗಂ‌ಡನತ್ತ ನೋಡಿದಳು. ಅವಳ ಒಂದು ಕಣ್ಣು ಊದಿಕೊಂಡು ಮುಚ್ಚಿಹೋಗಿತ್ತು.

"ನೀವು ಬನ್ನಿ, ರೆಕ್ಕೆ ಹಿಡ್ಕೊಳ್ಳಿ," ಎಂದಳು.

ತಿಮ್ಮರಾಯಪ್ಪ ಮಂಡಿಯೂರಿದ. ಮುರಿದ ಬೆರಳಿನ ಕೈಯನ್ನೂ ನೆಟ್ಟಗಿದ್ದ ಕೈಯನ್ನೂ ಸೇರಿಸಿ ಆ ಬೂದು ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದ. ಪುಕ್ಕದ ಕೆಳಗೆ ಹಕ್ಕಿಯ ಮೈ ಜ್ವರ ಬಂದವರ ಹಾಗೆ ಸುಡುತ್ತಿತ್ತು. ಎದೆ ಡವಡವ ಹೊಡೆದುಕೊಳ್ಳುವುದು ಅವನ ಅಂಗೈಗೆ ತಿಳಿಯುತ್ತಿತ್ತು. ಮುನಿಕೃಷ್ಣ ಕಣ್ಣು ಮುಚ್ಚಿ ತಿರುಚಿದ. ಎದೆ ಇನ್ನೂ ಸ್ವಲ್ಪ ಹೊತ್ತು ಹೊಡೆದುಕೊಂಡು ನಿಂತಿತು.

"ಆಯ್ತು, ಬಿಡಿ," ಎಂದಳು ವನಜಾಕ್ಷಿ, ಮತ್ತು ಮುಂದಿನದನ್ನು ಎಳೆದುಕೊಂಡಳು.